ಬನಿಯನ್ ಶಸ್ತ್ರಚಿಕಿತ್ಸೆಯ ನಂತರವೂ ಉಳಿದ ಪಾದದ ನೋವಿಗೆ ಕೈಚಿಕಿತ್ಸೆ

ಬನಿಯನ್‌ಗೆ, ಅಂದರೆ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಮೂಳೆ ಉಬ್ಬಿಕೊಳ್ಳುವ ತೊಂದರೆಗೆ, ಶಸ್ತ್ರಚಿಕಿತ್ಸೆಯಾಗಿ ಮೂಳೆ ಚೆನ್ನಾಗಿ ಕೂಡಿಕೊಂಡಿದೆಯೆಂದು ಎಕ್ಸ್‌ರೇ ತೋರಿಸಿದರೂ ನಮ್ಮ ತಾಯಿಯವರ ಹೆಬ್ಬೆರಳಿನ ಬುಡದ ನೋವು ತಿಂಗಳುಗಟ್ಟಲೆ ಉಳಿದಿತ್ತು. ಶಸ್ತ್ರಚಿಕಿತ್ಸಕರ ಸಲಹೆಯಂತೆ ಮೈಸೂರಿನ ಒಂದು ಸಣ್ಣ ಫಿಸಿಯೋಥೆರಪಿ ಕೇಂದ್ರಕ್ಕೆ ಅವರನ್ನು ಕರೆದೊಯ್ದೆವು.

ಮೊದಲ ದಿನ ಅಲ್ಲಿನ ಚಿಕಿತ್ಸಕಿ ಯಾವ ಯಂತ್ರವನ್ನೂ ಬಳಸದೆ, ಶಸ್ತ್ರಚಿಕಿತ್ಸೆಯ ವರದಿಯನ್ನು ಓದಿ, ನಡಿಗೆಯನ್ನು ಗಮನಿಸಿ, ಹೆಬ್ಬೆರಳು ಎಷ್ಟು ಮೇಲಕ್ಕೆ ಬಾಗುತ್ತದೆಂದು ಅಳೆದರು. ಹೆಜ್ಜೆ ಎತ್ತುವಾಗ ಆ ಕೀಲು ಸಾಕಷ್ಟು ಬಾಗದಿದ್ದರೆ ದೇಹದ ಭಾರ ಪಾದದ ಹೊರ ಅಂಚಿಗೆ ಸರಿದು ಅಲ್ಲಿ ಹೊಸ ನೋವು ಹುಟ್ಟಬಹುದು ಎಂಬುದನ್ನು ಅವರು ತಾಯಿಯವರಿಗೇ ಅರ್ಥವಾಗುವಂತೆ ವಿವರಿಸಿದ ತಾಳ್ಮೆ ನನಗೆ ಬಹಳ ಮೆಚ್ಚುಗೆಯಾಯಿತು. ಅನಂತರ ಗಾಯದ ಕಲೆಯ ಸುತ್ತಲಿನ ಚರ್ಮವನ್ನು ಬೆರಳ ತುದಿಯಿಂದ ಎಲ್ಲ ದಿಕ್ಕಿಗೂ ಮೆಲ್ಲನೆ ಸರಿಸಿದರು. ಪಾದದ ಮೂಳೆಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಇನ್ನೊಂದು ಕೈಯಿಂದ ಹೆಬ್ಬೆರಳನ್ನು ತುಸುವೇ ಎಳೆದು, ಕೀಲನ್ನು ಮೇಲಕ್ಕೂ ಕೆಳಕ್ಕೂ ಜಾರಿಸಿದರು. ಮೀನಖಂಡದ ಬಿಗಿತವನ್ನೂ ಸಡಿಲಿಸಿದರು. ಎಣ್ಣೆ ಹಚ್ಚಿ ತಿಕ್ಕುವ ಮಾಲೀಸಿಗೂ, ಕೀಲು-ಸ್ನಾಯುಗಳನ್ನು ಕೈಯಿಂದಲೇ ಸಡಿಲಿಸುವ ಈ ಕೈಚಿಕಿತ್ಸೆಗೂ ಸಂಬಂಧವಿಲ್ಲ.

ಫಲ ನಿಧಾನವಾಗಿಯೇ ಬಂತು. ನೆಲದ ಮೇಲೆ ಹಾಸಿದ ಟವೆಲನ್ನು ಕಾಲ್ಬೆರಳುಗಳಿಂದ ಎಳೆದುಕೊಳ್ಳುವಂಥ ವ್ಯಾಯಾಮಗಳನ್ನು ಮನೆಯಲ್ಲಿ ತಪ್ಪದೆ ಮಾಡಿದ ವಾರಗಳಲ್ಲಿ ಮಾತ್ರ ಸಡಿಲಗೊಂಡ ಕೀಲು ಹಾಗೆಯೇ ಉಳಿಯುತ್ತಿತ್ತು. ಈಗ ತಾಯಿಯವರು ಬೆಳಗಿನ ನಡಿಗೆಗೆ ಹೋಗುತ್ತಾರೆ, ಮೆಟ್ಟಿಲು ಇಳಿಯುವಾಗ ಮಾತ್ರ ಇನ್ನೂ ನೋಯುತ್ತದೆ. ಕಾಲು ನೋಯುವವರೇ ಬರುವ ಈ ಕೇಂದ್ರ ಲಿಫ್ಟ್ ಇಲ್ಲದ ಕಟ್ಟಡದ ಮೊದಲ ಮಹಡಿಯಲ್ಲಿರುವುದು ನಿಜಕ್ಕೂ ದೊಡ್ಡ ಕೊರತೆ.

ಗಾಯ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರವಿದ್ದರೆ ಅಥವಾ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಯಾರಿಂದಲೂ ಕಾಲು ಒತ್ತಿಸಿಕೊಳ್ಳದೆ ಮೊದಲು ವೈದ್ಯರ ಬಳಿ ಹೋಗಬೇಕು; ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಆ ಚಿಕಿತ್ಸಕಿ ಪ್ರತಿ ಭೇಟಿಯಲ್ಲೂ ಕೇಳಿದ ಮೇಲೆಯೇ ಪಾದವನ್ನು ಮುಟ್ಟುತ್ತಿದ್ದರು.