ಮಳೆಗಾಲದ ಕೊಡಗಿಗೆ ಒಂದು ಜೇಬು ಕ್ಯಾಮೆರಾ: ಒಲಿಂಪಸ್ ಟಿಜಿ-6

ಜೂನ್ ಬಂತು ಅಂದರೆ ನಮ್ಮ ಕಡೆ ಒಳ್ಳೆ ಕ್ಯಾಮೆರಾ ಇರುವವರೆಲ್ಲ ಅದನ್ನು ಒರೆಸಿ ಬೀರುವಿನಲ್ಲಿ ಇಡುತ್ತಾರೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಕೆಲವರು ಲೆನ್ಸ್‌ಗೆ ಫಂಗಸ್ ಹಿಡಿಯಬಾರದು ಅಂತ ಬೀರುವಿನ ಒಳಗೆ ಒಂದು ಸಣ್ಣ ಬಲ್ಬ್ ಕೂಡ ಉರಿಸುತ್ತಾರೆ. ಇನ್ನು ಅದು ಹೊರಗೆ ಬರುವುದು ಸೆಪ್ಟೆಂಬರ್‌ಗೆ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲೆ. ತಮಾಷೆ ಏನಂದ್ರೆ ನೋಡೋಕೆ ಜಾಸ್ತಿ ಇರುವುದು ಆ ನಾಲ್ಕು ತಿಂಗಳಲ್ಲೇ. ಕಪ್ಪೆ, ಅಣಬೆ, ಗದ್ದೆ ನಾಟಿ, ತುಂಬಿದ ಹೊಳೆ, ಎಲ್ಲ ಆಗಲೇ.

ಒಲಿಂಪಸ್ ಟಿಜಿ-6 ಬಗ್ಗೆ ಬರೆಯುತ್ತಿರುವುದು ಅದಕ್ಕೇ. ಚಿತ್ರದ ಗುಣಮಟ್ಟ ಮಾತ್ರ ನೋಡಿದರೆ ಇದು ಸಾಧಾರಣ ಕ್ಯಾಮೆರಾ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಮಳೆಗಾಲ ಪೂರ್ತಿ ನನ್ನ ಜೇಬಿನಲ್ಲಿ ಇರುವುದು ಇದೇ.

2019ರಲ್ಲಿ ಬಂದ ಮಾಡೆಲ್ ಇದು. 12 ಮೆಗಾಪಿಕ್ಸೆಲ್. ಸೆನ್ಸರ್ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಲೆನ್ಸ್ 35 ಎಂಎಂ ಫಿಲ್ಮ್ ಲೆಕ್ಕದಲ್ಲಿ 25ರಿಂದ 100 ಎಂಎಂವರೆಗೆ, ಅಂದರೆ ನಾಲ್ಕು ಪಟ್ಟು ಜೂಮ್; ಜೂಮ್ ಮಾಡದಿದ್ದಾಗ ಎಫ್/2, ಅಂದರೆ ಬೆಳಕು ಚೆನ್ನಾಗಿ ಒಳಗೆ ಬಿಡುತ್ತದೆ. ನೀರಿನಲ್ಲಿ 15 ಮೀಟರ್ ಆಳದವರೆಗೆ, ಬಿದ್ದರೆ 2.1 ಮೀಟರ್ ಎತ್ತರದವರೆಗೆ ತಡೆದುಕೊಳ್ಳುತ್ತದೆ ಎಂಬುದು ಕಂಪನಿಯ ಲೆಕ್ಕ. ತೂಕ ಬ್ಯಾಟರಿ ಸೇರಿ ಕಾಲು ಕೆಜಿ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಮೂಲ ಚಿತ್ರವನ್ನೂ ಕೊಡುತ್ತದೆ. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್.

ಈಗ ಎಲ್ಲರೂ ಕೇಳುವ ಪ್ರಶ್ನೆ: ಫೋನ್ ಕೂಡ ವಾಟರ್‌ಪ್ರೂಫ್ ಅಲ್ವಾ, ಇದು ಯಾಕೆ? ಫೋನ್ ನೀರಿಗೆ ಬಿದ್ದರೂ ಬದುಕುತ್ತದೆ, ಸರಿ. ಆದರೆ ಪರದೆ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಟಚ್‌ಗೆ ಹುಚ್ಚು ಹಿಡಿಯುತ್ತದೆ. ನೀವು ಶಟರ್ ಒತ್ತಿದರೆ ಅದು ಸೆಲ್ಫಿಗೆ ತಿರುಗುತ್ತದೆ, ಇಲ್ಲದಿದ್ದರೆ ತನ್ನಷ್ಟಕ್ಕೆ ವಿಡಿಯೋ ಶುರು ಮಾಡುತ್ತದೆ. ಟಿಜಿ-6ರಲ್ಲಿ ಎಲ್ಲಕ್ಕೂ ಬಟನ್. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಪೂರ್ತಿ ಒದ್ದೆ, ಕಾಲಡಿಯಲ್ಲಿ ಜಾರುವ ಕೆಸರು, ಆಗಲೂ ಹೆಬ್ಬೆರಳು ಬಟನ್ ಹುಡುಕಿಕೊಳ್ಳುತ್ತದೆ. ಕೆಸರಾಯಿತಾ, ಮನೆಗೆ ಬಂದು ನಲ್ಲಿ ಕೆಳಗೆ ಹಿಡಿದು ತೊಳೆಯಿರಿ. ಮೊದಲ ಸಲ ಹಾಗೆ ತೊಳೆಯುವಾಗ ಮಾತ್ರ ಎದೆ ಡವಡವ ಅನ್ನುತ್ತದೆ.

ನಮ್ಮದು ಹವ್ಯಾಸಕ್ಕೆ ಫೋಟೋ ತೆಗೆಯುವವರ ಒಂದು ವಾಟ್ಸಾಪ್ ಗ್ರೂಪ್. ತೋಟದವರು, ಮೇಷ್ಟ್ರುಗಳು, ಬ್ಯಾಂಕಿನವರು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರು, ಎಲ್ಲ ಇದ್ದಾರೆ. ಅಲ್ಲಿ ದೊಡ್ಡ ಕಲೆ ಏನೂ ನಡೆಯುವುದಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಬರುವುದು ಮಳೆ ಲೆಕ್ಕ. ಕೊಡಗಿನಲ್ಲಿ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್‌ಗಳಲ್ಲೇ ಹೇಳುವುದು. ನೂರು ಸೆಂಟ್ ಅಂದರೆ ಒಂದು ಇಂಚು. ಪಕ್ಕದ ತೋಟದ ಹಿರಿಯರೊಬ್ಬರು ದಿನಾ ಏಳು ಗಂಟೆಗೆ ಮಳೆಮಾಪಕದ ಗಾಜಿನ ಕೊಳವೆ ಎತ್ತಿ ಹಿಡಿಯುತ್ತಾರೆ. ನಾನು ಬೇಲಿ ಈಚೆಯಿಂದ "ಮಾವ, ಇವತ್ತು ಎಷ್ಟು?" ಅಂತ ಕೂಗುವುದು, ಅವರು "ಮೂರು ಇಂಚು ನಲವತ್ತು ಸೆಂಟ್ ಮಾರಾಯ, ಸಾಕಾಯ್ತು" ಅನ್ನುವುದು. ಆ ಕೊಳವೆಯನ್ನು ಹತ್ತಿರದಿಂದ, ನೀರಿನ ಗೆರೆ ಯಾವ ಗೀಟಿಗೆ ನಿಂತಿದೆ ಅಂತ ಕಾಣುವ ಹಾಗೆ ತೆಗೆಯಲು ಈ ಕ್ಯಾಮೆರಾ ಸಲೀಸು. ಹೊರಗಿನವರಿಗೆ ಇದೆಲ್ಲ ಫೋಟೋನಾ ಅನ್ನಿಸಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ದೂರದಲ್ಲಿರುವ ನಮ್ಮವರು ಮೊದಲು ನೋಡುವುದು ಅಂಥ ಚಿತ್ರವನ್ನೇ. ಹೊಳೆ ಎಷ್ಟು ಬಂದಿದೆ, ಭಾಗಮಂಡಲದಲ್ಲಿ ಸಂಗಮ ತುಂಬಿತಾ, ನಾಪೋಕ್ಲು ಕಡೆ ರಸ್ತೆಗೆ ನೀರು ಹತ್ತಿತಾ. ಸೂರ್ಯಾಸ್ತದ ಫೋಟೋಗೆ ಬರುವ ಲೈಕ್‌ಗಿಂತ ಈ ಕೊಳವೆಯ ಫೋಟೋ ಕೆಳಗೆ ಬರುವ ಮಾತು ಜಾಸ್ತಿ.

ಇನ್ನು ಈ ಕ್ಯಾಮೆರಾದ ನಿಜವಾದ ಬಂಡವಾಳಕ್ಕೆ ಬರೋಣ. ಮೈಕ್ರೋಸ್ಕೋಪ್ ಮೋಡ್ ಅಂತ ಒಂದಿದೆ. ಡಯಲ್‌ನಲ್ಲಿ ಅದಕ್ಕೆ ತಿರುಗಿಸಿದರೆ ಲೆನ್ಸ್‌ನಿಂದ 1 ಸೆಂಟಿಮೀಟರ್ ದೂರದಲ್ಲಿರುವ ವಸ್ತುವಿಗೂ ಫೋಕಸ್ ಆಗುತ್ತದೆ. ಬೇರೆ ಯಾವ ಲೆನ್ಸೂ ಬೇಡ, ಅಡಾಪ್ಟರ್ ಬೇಡ. ನಾನು ಇದನ್ನು ಜಿಗಣೆ ಮೇಲೆ ಚೆನ್ನಾಗಿ ಪರೀಕ್ಷೆ ಮಾಡಿದ್ದೇನೆ, ನಮ್ಮಲ್ಲಿ ಮಾಡೆಲ್‌ಗಳಿಗೆ ಬರವಿಲ್ಲ ನೋಡಿ. ಕಾಫಿ ಎಲೆಯ ತುದಿಯಲ್ಲಿ ಜಿಗಣೆ ಹಿಂಭಾಗ ಊರಿ ನಿಂತು, ಮುಂಭಾಗವನ್ನು ಗಾಳಿಯಲ್ಲಿ ಆಡಿಸುತ್ತಾ ನಮ್ಮ ಉಸಿರು, ಬಿಸಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತದೆ. ಆಗ ಕ್ಯಾಮೆರಾ ಹತ್ತಿರ ಒಯ್ದರೆ ಮೈಮೇಲಿನ ಸಣ್ಣ ಸಣ್ಣ ಉಂಗುರಗಳು, ಅಂಟುಅಂಟಾದ ಹೊಳಪು, ಬಾಯಿ ಬಟ್ಟಲು, ಎಲ್ಲ ಪರದೆ ತುಂಬ. ಅಷ್ಟರಲ್ಲಿ ಅದು ಉದ್ದವಾಗಿ ಚಾಚಿ ಲೆನ್ಸ್ ಗಾಜಿಗೇ ಅಂಟಿಕೊಳ್ಳುತ್ತದೆ. ಕಿತ್ತು ಎಸೆಯಬೇಕು ಅಂದರೆ ಬೆರಳಿಗೆ ಅಂಟುತ್ತದೆ. ಗ್ರೂಪಿನಲ್ಲಿ ಆ ಚಿತ್ರ ಹಾಕಿದ ದಿನ ಒಬ್ಬ ಅಕ್ಕ "ಊಟದ ಹೊತ್ತಿಗೆ ಇದೆಲ್ಲ ಹಾಕಬೇಡಪ್ಪಾ" ಅಂತ ಬೈದರು.

ಇಷ್ಟು ಹತ್ತಿರ ಹೋದಾಗ ಎರಡು ತೊಂದರೆ. ಒಂದು, ಕ್ಯಾಮೆರಾದ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ. ಮರದ ಕೆಳಗಿನ ಕಾಫಿ ತೋಟದಲ್ಲಿ ಮಳೆಗಾಲದಲ್ಲಿ ಮೊದಲೇ ಬೆಳಕು ಕಮ್ಮಿ. ಇದಕ್ಕೆ ಎಲ್‌ಜಿ-1 ಅಂತ ಒಂದು ಉಂಗುರ ಬೇರೆಯಾಗಿ ಸಿಗುತ್ತದೆ. ಕ್ಯಾಮೆರಾದ ಮುಂದಿರುವ ಪುಟ್ಟ ಎಲ್‌ಇಡಿ ಬೆಳಕನ್ನು ಲೆನ್ಸ್ ಸುತ್ತ ಹರಡುತ್ತದೆ, ಅಷ್ಟೇ ಅದರ ಕೆಲಸ. ಬ್ಯಾಟರಿಯೂ ಬೇಡ. ಕ್ಯಾಮೆರಾ ತಗೊಂಡರೆ ಅದನ್ನೂ ತಗೊಳ್ಳಿ, ಇಲ್ಲದಿದ್ದರೆ ಮೈಕ್ರೋಸ್ಕೋಪ್ ಮೋಡ್ ಅರ್ಧ ದಂಡ. ಎರಡನೆಯದು, ಫೋಕಸ್‌ನಲ್ಲಿ ಇರುವ ಭಾಗ ಕಾಗದದಷ್ಟು ತೆಳು. ಅದಕ್ಕೆ ಫೋಕಸ್ ಸ್ಟ್ಯಾಕಿಂಗ್ ಇದೆ, ಹಲವು ಚಿತ್ರ ತೆಗೆದು ಕ್ಯಾಮೆರಾವೇ ಒಂದಾಗಿ ಜೋಡಿಸುತ್ತದೆ. ಅಣಬೆಗೆ, ಪಾಚಿಗೆ ಅದ್ಭುತ. ಹನಿ ಬಿದ್ದು ಅಲ್ಲಾಡುವ ಎಲೆ ಮೇಲಿನ ಹುಳಕ್ಕೆ ಮಾತ್ರ ಉಪಯೋಗವಿಲ್ಲ, ಒಂದು ಹುಳಕ್ಕೆ ಎರಡು ತಲೆ ಬಂದಿರುತ್ತದೆ.

ಆಟಿ ತಿಂಗಳ ಹದಿನೆಂಟನೇ ದಿನ ಪಾಯಸ ಮಾಡಿ ತಿನ್ನುವ ಮದ್ದುಸೊಪ್ಪಿನ ಕಥೆಯನ್ನೂ ಹೇಳಲೇಬೇಕು. ಆಗಸ್ಟ್ ಮೊದಲ ವಾರದ ಆ ದಿನ ಕೊಡಗಿನ ಯಾವ ಗ್ರೂಪ್ ತೆರೆದರೂ ನೇರಳೆ ಬಣ್ಣದ ಪಾಯಸದ ಫೋಟೋ. ಸೊಪ್ಪು ಹಸಿರು, ಕುದಿಸಿದ ನೀರು ಕಡು ನೇರಳೆ. ಈ ಬಣ್ಣ ಸರಿಯಾಗಿ ಬರುವುದು ಕಷ್ಟ. ಬೆಳಕಿಗೆ ತಕ್ಕ ಹಾಗೆ ಬಣ್ಣವನ್ನು ಕ್ಯಾಮೆರಾವೇ ಸರಿಮಾಡುವ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ, ಅದರಲ್ಲೂ ಅಡುಗೆಮನೆಯ ಹಳದಿ ಬಲ್ಬ್ ಕೆಳಗೆ, ಅದು ಒಮ್ಮೆ ಇಂಕಿನ ಹಾಗೆ ನೀಲಿ, ಇನ್ನೊಮ್ಮೆ ಕಂದು. ಒಂದು ಬಿಳಿ ತಟ್ಟೆ ಹಿಡಿದು ವೈಟ್ ಬ್ಯಾಲೆನ್ಸ್ ಸೆಟ್ ಮಾಡಿಕೊಂಡರೆ ಸರಿಹೋಗುತ್ತದೆ. ಈ ಕ್ಯಾಮೆರಾದಲ್ಲಿ ಅದಕ್ಕೆ ಅವಕಾಶ ಇದೆ, ಫೋನಿನ ಮಾಮೂಲಿ ಕ್ಯಾಮೆರಾ ಆ್ಯಪ್‌ಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ.

ಹಂಚಿಕೊಳ್ಳುವ ವಿಷಯಕ್ಕೆ ಬಂದರೆ, ಕ್ಯಾಮೆರಾದಿಂದ ಫೋನಿಗೆ ವೈಫೈನಲ್ಲಿ ಚಿತ್ರ ಕಳಿಸಬಹುದು. ಇದಕ್ಕೆ ಟವರ್ ಬೇಕಿಲ್ಲ. ಕರೆಂಟ್ ಹೋಗಿ, ಟವರ್ ಕೂಡ ಹೋಗಿ ಊರಿಗೆ ಊರೇ ಕತ್ತಲಾದಾಗಲೂ ಚಿತ್ರ ಫೋನಿಗೆ ಬರುತ್ತದೆ. ಅಲ್ಲಿಂದ ಮುಂದೆ ಹೋಗಲು ನೆಟ್‌ವರ್ಕ್ ಬರುವವರೆಗೆ ಕಾಯಬೇಕು, ಅದು ಕ್ಯಾಮೆರಾದ ತಪ್ಪಲ್ಲ.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಇದರಲ್ಲಿ ಜಿಪಿಎಸ್ ಇದೆ. ಆನ್ ಇದ್ದರೆ ಪ್ರತಿ ಚಿತ್ರದ ಒಳಗೂ ಜಾಗದ ವಿವರ ಸೇರಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಕ್ವಾಲಿಟಿ ಹಾಳಾಗಬಾರದು ಅಂತ ಡಾಕ್ಯುಮೆಂಟ್ ಆಗಿ ಕಳಿಸುತ್ತೀರಲ್ಲ, ಆಗ ಹಾಗೇ ಉಳಿಯುತ್ತದೆ. ಹಾರುವ ಕಪ್ಪೆ ಅಂತೀವಲ್ಲ, ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಹಸಿರು ಕಪ್ಪೆ, ಅದು ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳಬೇಕು. ಅಂಥ ಕೆರೆಯ ಲೊಕೇಶನ್ ಹೊರಗೆ ಹೋಯಿತು ಅಂದರೆ ಮುಂದಿನ ಶನಿವಾರ ಟಾರ್ಚ್ ಹಿಡಿದವರ ಜಾತ್ರೆ. ಕೊಂಬೆ ಬಗ್ಗಿಸುತ್ತಾರೆ, ಕಪ್ಪೆಯನ್ನು ಕೈಯಲ್ಲಿ ಎತ್ತಿ ಬೇರೆ ಎಲೆ ಮೇಲೆ ಕೂರಿಸುತ್ತಾರೆ. ಜಿಪಿಎಸ್ ಆಫ್ ಮಾಡಿಯೇ ಇಡಿ.

ಈ ಕ್ಯಾಮೆರಾಗೆ ಎರಡು ಬಾಗಿಲು ಇವೆ. ಒಂದು ಬ್ಯಾಟರಿ, ಕಾರ್ಡ್‌ಗೆ, ಇನ್ನೊಂದು ಯುಎಸ್‌ಬಿ, ಎಚ್‌ಡಿಎಂಐಗೆ. ಎರಡಕ್ಕೂ ಜೋಡಿ ಲಾಕ್. ನೀರು ಒಳಗೆ ಹೋಗದ ಹಾಗೆ ತಡೆಯುವುದು ಈ ಬಾಗಿಲುಗಳ ಅಂಚಿನ ರಬ್ಬರ್. ಅದರ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಕೂತರೂ ಕಥೆ ಮುಗಿಯಿತು. ಒಣ ಬಟ್ಟೆಯಲ್ಲಿ ಒರೆಸಿ ಆಮೇಲೆ ತೆರೆಯಬೇಕು. ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಒಣ ಬಟ್ಟೆ! ಒಲೆ ಮೇಲಿನ ಹಗ್ಗದಲ್ಲಿ ಒಂದು ಚೂರು ಬಟ್ಟೆ ಇದಕ್ಕೇ ಅಂತ ಮೀಸಲಿಟ್ಟಿದ್ದೇನೆ, ಹೊಗೆ ವಾಸನೆ ಬಂದರೂ ಪರವಾಗಿಲ್ಲ. ಚಾರ್ಜ್ ಮಾಡುವುದು ಮೈಕ್ರೋ ಯುಎಸ್‌ಬಿಯಲ್ಲಿ, ಪವರ್ ಬ್ಯಾಂಕ್‌ನಿಂದ ಆಗುತ್ತದೆ. ಆದರೆ ಪ್ರತಿ ಸಲ ಬಾಗಿಲು ತೆರೆಯಬೇಕು. ಅದಕ್ಕಿಂತ ಇನ್ನೊಂದು ಬ್ಯಾಟರಿ, ಬೇರೆ ಚಾರ್ಜರ್ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಚಾರ್ಜ್‌ಗೆ 340 ಚಿತ್ರ ಅನ್ನುತ್ತಾರೆ, ವೈಫೈ, ಎಲ್‌ಇಡಿ ಎಲ್ಲ ಬಳಸಿದರೆ ಅಷ್ಟು ಆಗುವುದಿಲ್ಲ.

ಲೆನ್ಸ್ ಒಳಗೆ ಆವಿ ಹಿಡಿಯದ ಹಾಗೆ ಜೋಡಿ ಗಾಜು ಕೊಟ್ಟಿದ್ದಾರೆ. ಹೊರಗಿನ ಗಾಜಿನ ಮೇಲೆ ಕೂತ ಹನಿಗೆ ಯಾರೂ ಏನೂ ಮಾಡುವಂತಿಲ್ಲ. ನೋಡದೆ ತೆಗೆದರೆ ಚಿತ್ರದ ನಡುವೆ ಒಂದು ಮಸುಕು ಬೊಟ್ಟು ಗ್ಯಾರಂಟಿ.

ಕತ್ತಲಾದ ಮೇಲೆ ಇದರಿಂದ ಹೆಚ್ಚು ನಿರೀಕ್ಷೆ ಬೇಡ. ಬೆಳಕು ಕಮ್ಮಿ ಇದ್ದಾಗ ಏರಿಸುವ ಐಎಸ್‌ಒ 800 ದಾಟಿದರೆ ಚಿತ್ರ ಕಾಳುಕಾಳು, 1600ರಲ್ಲಿ ಕಪ್ಪೆಯ ಚರ್ಮವೂ ಎಲೆಯೂ ಒಂದೇ ಮುದ್ದೆ. ಇಲ್ಲಿ ಈಗಿನ ಒಳ್ಳೆ ಫೋನಿನ ನೈಟ್ ಮೋಡ್ ಇದನ್ನು ಸಲೀಸಾಗಿ ಸೋಲಿಸುತ್ತದೆ. ಹಕ್ಕಿಗಳ ವಿಷಯ ಕೇಳಲೇಬೇಡಿ. 100 ಎಂಎಂನಲ್ಲಿ ಮಂಗಟ್ಟೆ ಹಕ್ಕಿ ತೆಗೆದರೆ ಮರ ಚೆನ್ನಾಗಿ ಬರುತ್ತದೆ. ಹಿನ್ನೆಲೆ ಮಸುಕಾಗಿ ಬರುವ ಮುಖದ ಚಿತ್ರ ಬೇಕು ಅನ್ನುವವರಿಗೂ ಇದು ಆಗದು. ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಿ ಮಂಜಿನ ಫೋಟೋ ಹೊಡೆದು ಬರುವವರಿಗೆ ಫೋನೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

2023ರಲ್ಲಿ ಒಲಿಂಪಸ್ ಕ್ಯಾಮೆರಾಗಳ ಹೊಸ ಹೆಸರಾದ ಒಎಂ ಸಿಸ್ಟಂನಲ್ಲಿ ಟಿಜಿ-7 ಬಂದಿದೆ. ಯುಎಸ್‌ಬಿ-ಸಿ ಕೊಟ್ಟಿದ್ದಾರೆ, ಅದು ಒಳ್ಳೆ ಬದಲಾವಣೆ. ಚಿತ್ರ ಮಾತ್ರ ಹೆಚ್ಚುಕಮ್ಮಿ ಅದೇ, 12 ಮೆಗಾಪಿಕ್ಸೆಲ್, ಅದೇ ಅಳತೆಯ ಸೆನ್ಸರ್. ಹಳೆಯದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕಿದರೆ ಬದಲಾಯಿಸಲು ಕಾರಣವಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವಾಗ ಎರಡೂ ಬಾಗಿಲು ತೆರೆದು ರಬ್ಬರ್ ಅಂಚನ್ನು ಟಾರ್ಚ್ ಹಾಕಿ ನೋಡಿ. ಬಿರುಕು, ಗೀರು, ಬಿಳಿ ಉಪ್ಪಿನ ಕಲೆ ಇದ್ದರೆ ಬೇಡ. ಉಪ್ಪಿನ ಕಲೆ ಅಂದರೆ ಸಮುದ್ರಕ್ಕೆ ಇಳಿಸಿ ಸರಿಯಾಗಿ ತೊಳೆದಿಲ್ಲ ಅಂತ. ಲಾಕ್ ಗಟ್ಟಿಯಾಗಿ ಕೂರುತ್ತದಾ, ಲೆನ್ಸ್ ಗಾಜಿನ ಮೇಲೆ ಗೀರು ಇದೆಯಾ ನೋಡಿ. ಈ ರಬ್ಬರನ್ನು ವರ್ಷಕ್ಕೊಮ್ಮೆ ಬದಲಿಸಿ ಅಂತ ಕಂಪನಿಯೇ ಹೇಳುತ್ತದೆ, ಮಡಿಕೇರಿಯಲ್ಲಿ ಅದನ್ನು ಮಾಡಿಕೊಡುವ ಅಂಗಡಿ ನನಗಂತೂ ಸಿಕ್ಕಿಲ್ಲ. ಹಾಗಾಗಿ ಹಳೆ ಕ್ಯಾಮೆರಾ ತಗೊಂಡವರು 15 ಮೀಟರ್ ಆಳ ಅಂತ ನಂಬಿ ಕಾವೇರಿಯಲ್ಲಿ ಮುಳುಗಿಸುವ ಸಾಹಸ ಬೇಡ. ಮಳೆಗೆ ಸಾಕು, ನಲ್ಲಿ ನೀರಿಗೆ ಸಾಕು. ಮಾರುವವರು ಎಲ್‌ಜಿ-1 ಉಂಗುರ ಜೊತೆಗೆ ಕೊಡುತ್ತೇನೆ ಅಂದರೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.