ಆಟದ ಹಳೆಯ ಕ್ಯಾಸೆಟ್‌ಗಳಿಗೆ ಹ್ಯಾಂಡ್‌ಬ್ರೇಕ್: ನಾಯ್ಸ್ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಯಕ್ಷಗಾನ ಬಯಲಾಟಗಳ ವಿ.ಎಚ್.ಎಸ್. ಕ್ಯಾಸೆಟ್‌ಗಳು ಇನ್ನೂ ಉಳಿದಿವೆ. ಇರುಳಿಡೀ ನಡೆದ ಆಟವನ್ನು ಮೂರು ಗಂಟೆಯ ಇ-180 ಕ್ಯಾಸೆಟ್‌ಗಳಲ್ಲಿ, ಟ್ಯೂಬ್‌ಲೈಟಿನ ಬೆಳಕನ್ನೇ ನಂಬಿ ಹಿಡಿದಿಟ್ಟದ್ದರಿಂದ ಚಿತ್ರದ ತುಂಬ ನಾಯ್ಸ್ (ಮಿನುಗುವ ಕಾಳುಕಾಳಾದ ಚುಕ್ಕೆಗಳು) ಇರುತ್ತದೆ. ಇವನ್ನು ಕಂಪ್ಯೂಟರಿಗೆ ಇಳಿಸಿಕೊಂಡವರಿಗೆ ವೀಡಿಯೊ ಕಡತವನ್ನು ಸಂಕುಚಿಸಿ ಮಾರ್ಪಡಿಸಲು ನಾನು ಸೂಚಿಸುವ ತಂತ್ರಾಂಶ ಹ್ಯಾಂಡ್‌ಬ್ರೇಕ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಈ ಮುಕ್ತ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಅದರ ಸಿದ್ಧ ಪ್ರಿಸೆಟ್‌ಗಳನ್ನು (ಮೊದಲೇ ಹೊಂದಿಸಿಟ್ಟ ಆಯ್ಕೆಗಳ ಗುಂಪುಗಳನ್ನು) ಹಾಗೆಯೇ ಬಳಸಿದರೆ ನಮ್ಮ ಆಟಗಳಿಗೆ ನ್ಯಾಯ ಸಿಗುವುದಿಲ್ಲ.

ವೀಡಿಯೊವನ್ನು ಸಂಕುಚಿಸುವ ಭಾಗವಾದ ಎನ್‌ಕೋಡರ್ ಒಂದು ಫ್ರೇಮನ್ನು (ಬಿಡಿ ಚಿತ್ರವನ್ನು) ಅದರ ಹಿಂದುಮುಂದಿನ ಫ್ರೇಮ್‌ಗಳಿಂದ ಊಹಿಸಿ ಜಾಗ ಉಳಿಸುತ್ತದೆ. ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆಯಾಗಿರುವುದರಿಂದ ಈ ಊಹೆ ಕೆಡುತ್ತದೆ. ವೇಷಕ್ಕೆ ಸಲ್ಲಬೇಕಾದ ಬಿಟ್‌ಗಳು ಹಿಂದಿನ ಪರದೆಯ ಮೇಲಿನ ಕಾಳುಗಳಿಗೆ ಖರ್ಚಾಗುತ್ತವೆ. ಆದ್ದರಿಂದ ಮೊದಲು ನಾಯ್ಸ್ ಫಿಲ್ಟರಿನ ಪ್ರಮಾಣವನ್ನು ತೀರ್ಮಾನಿಸಿ, ಆಮೇಲೆ ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು (ಇದು ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು) ಆರಿಸುವುದೇ ಸರಿಯಾದ ಕ್ರಮ.

ಫಿಲ್ಟರ್‌ಗಳು ಎರಡಿವೆ. ಎಚ್‌ಕ್ಯೂಡಿಎನ್3ಡಿ ವೇಗವಾಗಿ ಮುಗಿಯುತ್ತದೆ, ಆದರೆ ಪ್ರಮಾಣ ಹೆಚ್ಚಾದರೆ ವೇಗದ ಚಲನೆಯ ಹಿಂದೆ ಮಸುಕಾದ ನೆರಳನ್ನು ಬಿಡುತ್ತದೆ. ಎನ್‌ಎಲ್‌ಮೀನ್ಸ್ ಚಿತ್ರದ ಸಣ್ಣ ತುಣುಕುಗಳನ್ನು ಅವುಗಳನ್ನೇ ಹೋಲುವ ಬೇರೆ ತುಣುಕುಗಳೊಂದಿಗೆ ತಾಳೆ ನೋಡಿ ಸರಾಸರಿ ತೆಗೆಯುವುದರಿಂದ ಬಹಳ ನಿಧಾನ. ಫಲಿತಾಂಶ ಮಾತ್ರ ಎಷ್ಟೋ ಮೇಲು. ನನ್ನ ಪರೀಕ್ಷೆಯ ಜಾಗ ರಾಕ್ಷಸ ಪಾತ್ರಗಳ ಬಣ್ಣದ ವೇಷದ ಮುಖ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಮುಖದ ಮೇಲೆ ಒಂದೊಂದಾಗಿ ಇಟ್ಟ ಚಿಟ್ಟಿಯ ಮುಳ್ಳುಗಳು ಫಿಲ್ಟರಿನ ಕಡಿಮೆ ಪ್ರಮಾಣವಾದ ಲೈಟ್ ಹಂತದಲ್ಲಿ ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಮೀಡಿಯಮ್‌ಗೆ ಏರಿಸಿದೊಡನೆ ಅವು ಒಂದಕ್ಕೊಂದು ಅಂಟಿಕೊಂಡು ಬಿಳಿಯ ಪಟ್ಟಿಯಾಗುತ್ತವೆ, ಸ್ಟ್ರಾಂಗ್‌ನಲ್ಲಿ ಮುಖವೇ ಮೇಣದಂತಾಗುತ್ತದೆ. ಗಂಟೆಗಟ್ಟಲೆ ಚೌಕಿಯಲ್ಲಿ ಕುಳಿತು ಬರೆದ ಮುಖವರ್ಣಿಕೆಯನ್ನು ಕಡತ ಸಣ್ಣದಾಗಲಿ ಎಂದು ಅಳಿಸುವುದನ್ನು ನಾನು ಒಪ್ಪಲಾರೆ. ಅಲ್ಟ್ರಾಲೈಟ್ ಅಥವಾ ಲೈಟ್ ಸಾಕು. ಎನ್‌ಎಲ್‌ಮೀನ್ಸ್‌ನ ಟ್ಯೂನ್ ಪಟ್ಟಿಯಲ್ಲಿ ಟೇಪ್ ಎಂಬ ಆಯ್ಕೆಯೂ ಇದೆ, ಅದನ್ನು ಪರೀಕ್ಷಿಸಿ ನೋಡಬಹುದು. ಲೈವ್ ಪ್ರಿವ್ಯೂನಲ್ಲಿ ಕೆಲವು ಸೆಕೆಂಡುಗಳನ್ನು ನಿಜವಾಗಿ ಎನ್‌ಕೋಡ್ ಮಾಡಿಸಿ ನೋಡದೆ ಯಾವ ಹಂತವನ್ನೂ ನಿರ್ಧರಿಸಬಾರದು.

ಇನ್ನೊಂದು ಎಚ್ಚರಿಕೆ ವೇಗವಾಗಿ ಸುತ್ತುವ ಕುಣಿತವಾದ ಧೀಂಗಿಣಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಕ್ಯಾಸೆಟ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 50 ಫೀಲ್ಡ್‌ಗಳಿರುತ್ತವೆ (ಫೀಲ್ಡ್ ಎಂದರೆ ಒಂದು ಬಿಟ್ಟು ಒಂದು ಗೆರೆಯಿರುವ ಅರ್ಧ ಚಿತ್ರ). ಫೀಲ್ಡ್‌ಗಳನ್ನು ಪೂರ್ಣ ಫ್ರೇಮ್‌ಗಳಾಗಿಸುವ ಡಿಇಂಟರ್‌ಲೇಸ್‌ನಲ್ಲಿ ಬಾಬ್ ಆಯ್ಕೆ ಮಾಡಿದರೆ ಆ 50 ಕ್ಷಣಗಳೂ ಬೇರೆಬೇರೆ ಫ್ರೇಮ್‌ಗಳಾಗಿ, ಪುಂಡುವೇಷದ ಸುತ್ತು ಕಡಿಯದೆ ಕಾಣುತ್ತದೆ. ನಮ್ಮ ಕ್ಯಾಸೆಟ್‌ಗಳಿಗೆಂದೇ ಇರುವಂತೆ ತೋರುವ ಫಾಸ್ಟ್ 576ಪಿ25 ಪ್ರಿಸೆಟ್ ಫ್ರೇಮ್‌ರೇಟನ್ನು 25ಕ್ಕೆ ಮಿತಿಗೊಳಿಸಿ ಅರ್ಧ ಚಲನೆಯನ್ನು ಕಳೆಯುತ್ತದೆ. ಅದನ್ನು 50ಕ್ಕೆ ಬದಲಿಸಲೇಬೇಕು. ಚಿತ್ರದ ಕೆಳತುದಿಯಲ್ಲಿ ಹರಿದಾಡುವ ಗೆರೆಗಳನ್ನು ತಾನಾಗಿ ನಡೆಯುವ ಕ್ರಾಪ್ ಗುರುತಿಸದು, ಕೈಯಿಂದಲೇ ಕತ್ತರಿಸಬೇಕು.

ಕೋಡೆಕ್, ಅಂದರೆ ವೀಡಿಯೊ ಸಂಕುಚಿಸುವ ವಿಧಾನದ ವಿಷಯಕ್ಕೆ ಬಂದರೆ, ಪೆನ್‌ಡ್ರೈವ್‌ನಲ್ಲಿ ಹಂಚುವ ಪ್ರತಿಗೆ ಎಕ್ಸ್264 ಎನ್‌ಕೋಡರ್, 8 ಬಿಟ್, ಅದರ ಸ್ಲೋ ಪ್ರಿಸೆಟ್, ಆರ್‌ಎಫ್ 18ರಿಂದ 20 ನನ್ನ ಆಯ್ಕೆ, ಹಳೆಯ ಟಿ.ವಿ.ಗಳಲ್ಲೂ ಅದು ಓಡುತ್ತದೆ. ಎಕ್ಸ್265ರಲ್ಲಿ ಕಡತ ಚಿಕ್ಕದಾಗುವುದು ನಿಜ. ಆದರೆ ಅದರ ಎಸ್‌ಎಒ ಫಿಲ್ಟರ್ ಇದ್ದ ಸೂಕ್ಷ್ಮತೆಯನ್ನೂ ನಯಗೊಳಿಸುವುದರಿಂದ ಹೆಚ್ಚುವರಿ ಆಯ್ಕೆಗಳಲ್ಲಿ ಅದನ್ನು ನಿಲ್ಲಿಸುವುದು ಒಳ್ಳೆಯದು. ಎರಡೂ ಎನ್‌ಕೋಡರ್‌ಗಳಲ್ಲಿ ಒಂದೇ ಆರ್‌ಎಫ್ ಸಂಖ್ಯೆ ಒಂದೇ ಗುಣಮಟ್ಟವನ್ನು ಸೂಚಿಸುವುದಿಲ್ಲ ಎಂಬುದನ್ನೂ ಮರೆಯಬಾರದು. ದೊಂದಿಗೆ, ಅಂದರೆ ಪಂಜಿಗೆ, ರಾಳದ ಪುಡಿ ಎರಚಿ ಬಣ್ಣದ ವೇಷ ಪ್ರವೇಶಿಸುವಾಗ ಏಳುವ ಹೊಗೆಯಲ್ಲಿ ಮೆಟ್ಟಿಲುಮೆಟ್ಟಿಲಾದ ಪಟ್ಟಿಗಳು ಕಾಣಿಸಿಕೊಂಡರೆ, ಬಣ್ಣದ ಛಾಯೆಗಳನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿಯುವ ಎಕ್ಸ್265 10 ಬಿಟ್ ಅವನ್ನು ತಗ್ಗಿಸುತ್ತದೆ. ಚೆಂಡೆ, ಮದ್ದಳೆಯ ಧ್ವನಿಯನ್ನು ಸಾಧ್ಯವಿದ್ದಲ್ಲಿ ಮರುಎನ್‌ಕೋಡ್ ಮಾಡದೆ ಹಾಗೆಯೇ ದಾಟಿಸಿ.

ಕೊರತೆಗಳೂ ಇವೆ. ಕತ್ತಲಿನ ದೃಶ್ಯಕ್ಕೆ ಒಂದು, ಬೆಳಕಿನ ದೃಶ್ಯಕ್ಕೆ ಇನ್ನೊಂದು ಎಂದು ಒಂದೇ ಕಡತದಲ್ಲಿ ಫಿಲ್ಟರಿನ ಪ್ರಮಾಣವನ್ನು ಬದಲಿಸಲಾಗುವುದಿಲ್ಲ. ಎನ್‌ಎಲ್‌ಮೀನ್ಸ್ ಹಾಕಿದ ಮೂರು ಗಂಟೆಯ ಕ್ಯಾಸೆಟ್ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಬಹಳ ಹೊತ್ತು ಹಿಡಿಯುತ್ತದೆ. ನಡುವೆ ಯಂತ್ರ ಆರಿದರೆ ಆ ಕೆಲಸ ಮೊದಲಿನಿಂದ ಶುರುವಾಗಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ಸಣ್ಣ ತೊಂದರೆಯಲ್ಲ. ಕಡತವನ್ನು ಸೆಕೆಂಡುಗಳ ಲೆಕ್ಕದಲ್ಲಿ ತುಂಡುಗಳಾಗಿ ಆರಿಸಿ, ಪೀಠಿಕೆ, ಒಡ್ಡೋಲಗ, ಯುದ್ಧ ಹೀಗೆ ಬೇರೆಬೇರೆಯಾಗಿ ಸರದಿಗೆ ಹಾಕಿದರೆ ನಷ್ಟ ಒಂದು ತುಂಡಿಗೆ ಸೀಮಿತವಾಗುತ್ತದೆ, ಜೊತೆಗೆ ಪ್ರತಿ ತುಂಡಿಗೂ ಅದರದೇ ಫಿಲ್ಟರ್ ಹಂತವನ್ನು ಕೊಡಬಹುದು.