ಮೂರು ದಿನ ಕಾಯಿಸಿದ ಯೂರಿನ್ ಕಲ್ಚರ್ ವರದಿ: ಜಯನಗರದ ಒಂದು ಲ್ಯಾಬಿನ ಅನುಭವ

ಎರಡು ತಿಂಗಳಲ್ಲಿ ಮೂರನೆಯ ಸಲ ಅಮ್ಮನಿಗೆ ಉರಿಮೂತ್ರ ಮರುಕಳಿಸಿದಾಗ, ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆಯನ್ನು ತರುವುದು ಬೇಡ, ಮೊದಲು ಮೂತ್ರದಲ್ಲಿನ ರೋಗಾಣುವನ್ನು ಬೆಳೆಸಿ ಯಾವ ಔಷಧ ನಾಟುತ್ತದೆಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ ಎಂದು ನಮ್ಮ ವೈದ್ಯರು ಖಡಾಖಂಡಿತವಾಗಿ ಹೇಳಿದರು. ಆ ಪ್ರಕಾರ ಜಯನಗರದ ಒಂದು ಲ್ಯಾಬಿಗೆ ಮಾದರಿ ಕೊಟ್ಟೆವು. ಮೆಚ್ಚುಗೆಯ ಜೊತೆಗೆ ದೂರೂ ಇರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ.

ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಮಾದರಿ ಒಯ್ಯಲು ಬೆಳಿಗ್ಗೆ ಏಳಕ್ಕೆ ಬರಬೇಕಾದ ಹುಡುಗ ಒಂಬತ್ತೂವರೆಗೆ ಬಂದು, ಐಸ್ ಪ್ಯಾಕ್ ಇಲ್ಲದ ಚೀಲಕ್ಕೆ ಡಬ್ಬಿಯನ್ನು ಇಳಿಬಿಟ್ಟು, ಇನ್ನೂ ನಾಲ್ಕು ಮನೆ ಇವೆಯೆಂದು ಹೊರಟ. ಮೂತ್ರವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ತಂಪಿಲ್ಲದೆ ಇಟ್ಟರೆ ಬ್ಯಾಕ್ಟೀರಿಯಾ ಅದರಲ್ಲೇ ಬೆಳೆದು, ಸೋಂಕಿನ ಗುರುತೆಂದು ರೂಢಿಯಲ್ಲಿರುವ ಮಿಲಿಲೀಟರಿಗೆ 1 ಲಕ್ಷದ ಗಡಿಯನ್ನು ಸುಮ್ಮನೆ ದಾಟಿಬಿಡಬಹುದು. ತಕರಾರು ಮಾಡಿದ ಮೇಲೆ ಮರುದಿನ ಹೊಸ ಮಾದರಿಯನ್ನು ಹಣ ಕೇಳದೆ ತೆಗೆದುಕೊಂಡರು. ಅದನ್ನು ನಾನೇ ಒಯ್ದು ಕೊಟ್ಟೆ.

ಮೂರನೆಯ ದಿನ ಸಂಜೆ ವರದಿ ಬಂತು. ಈ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಜೆಂಟಾಮೈಸಿನ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲದರ ಮುಂದೆಯೂ ಔಷಧ ನಾಟುವುದಿಲ್ಲ ಎಂಬರ್ಥದ 'ಆರ್' ಅಕ್ಷರವಿತ್ತು. ಕೆಳಗೆ 'ಇಎಸ್‌ಬಿಎಲ್' ಎಂಬ ಒಂದು ಸಾಲು. ಒಂದು ಸಣ್ಣ ರೋಗಾಣು ಇಷ್ಟೊಂದು ಔಷಧಗಳನ್ನು ಒಂದೊಂದಾಗಿ ಎದುರಿಸಲು ಯಾವಾಗ ಕಲಿಯಿತು ಎಂದು ಗಾಬರಿಯಿಂದ ಕೇಳಿದಾಗ, ಅಲ್ಲಿನ ಮೈಕ್ರೋಬಯಾಲಜಿಸ್ಟ್ ಮೇಡಂ ಫೋನಿನಲ್ಲಿ ಅವಸರವಿಲ್ಲದೆ ವಿವರಿಸಿದರು. ನಾನು ಕೊಟ್ಟ ಹಣಕ್ಕೆ ನಿಜವಾದ ಬೆಲೆ ಸಿಕ್ಕಿದ್ದು ಅಲ್ಲಿಯೇ.

ಒಂದೊಂದಾಗಿ ಕಲಿಯಬೇಕಾಗಿಲ್ಲ ಎಂದರು ಅವರು. ಬ್ಯಾಕ್ಟೀರಿಯಾದ ವರ್ಣತಂತುವಿನಿಂದ ಬೇರೆಯಾಗಿ, ಸಾಮಾನ್ಯವಾಗಿ ಬಳೆಯಂತೆ ದುಂಡಗಿರುವ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಇರುತ್ತದೆ; ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಸೇರಿರುವ ಸೆಫಲೋಸ್ಪೋರಿನ್‌ಗಳನ್ನು ಒಡೆಯುವ ಇಎಸ್‌ಬಿಎಲ್ ಕಿಣ್ವದ ಜೀನ್, ಜೆಂಟಾಮೈಸಿನ್ನನ್ನು ಕೆಡಿಸುವ ಜೀನ್, ಕೋಟ್ರೈಮಾಕ್ಸಜೋಲನ್ನು ತಪ್ಪಿಸಿಕೊಳ್ಳುವ ಜೀನ್‌ಗಳು ಎಷ್ಟೋ ಸಲ ಅದೊಂದರ ಮೇಲೆಯೇ ಗಂಟು ಕಟ್ಟಿದಂತೆ ಕುಳಿತಿರುತ್ತವೆ. ಒಂದು ಕೋಶ ಇನ್ನೊಂದಕ್ಕೆ ಅಂಟಿಕೊಂಡು ಇದರ ಪ್ರತಿಯನ್ನು ದಾಟಿಸುತ್ತದೆ, ಕರುಳಿನಲ್ಲಿ ಈ. ಕೋಲೈಯಿಂದ ಕ್ಲೆಬ್ಸಿಯೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾಕ್ಕೂ ಗಂಟು ಇಡಿಯಾಗಿ ಹೋಗಬಹುದು. ಹಾಗಾಗಿ ಕೋಟ್ರೈಮಾಕ್ಸಜೋಲ್ ನುಂಗಿದವರ ಹೊಟ್ಟೆಯಲ್ಲಿ, ಅವರು ಎಂದೂ ಮುಟ್ಟದ ಸೆಫ್ಟ್ರಿಯಾಕ್ಸೋನಿಗೆ ಜಗ್ಗದ ತಳಿಯೂ ಉಳಿದು ಹೆಚ್ಚುತ್ತದೆ. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಏಕಕಾಲಕ್ಕೆ ಹಲವು ಔಷಧಗಳಿಗೆ ಬಗ್ಗದಾದಾಗ ಈ ಗುಟ್ಟು ಬಿಚ್ಚಿಕೊಂಡಿತಂತೆ. ಸಿಪ್ರೊಫ್ಲಾಕ್ಸಾಸಿನ್ ಕಥೆ ಮಾತ್ರ ಬೇರೆ. ಅಲ್ಲಿ ಹೆಚ್ಚಾಗಿ ವರ್ಣತಂತುವಿನದೇ ಮಾರ್ಪಾಟು.

ಕೊನೆಯ ಅಸ್ತ್ರವಾಗಿ ಉಳಿಸಿಕೊಳ್ಳುವ ಮೆರೋಪೆನೆಮ್ ಮುಂದೆ ಔಷಧ ನಾಟುತ್ತದೆ ಎಂಬ 'ಎಸ್' ಇದ್ದರೂ ಅದನ್ನು ಇಂಥ ಸೋಂಕಿಗೆ ಖರ್ಚು ಮಾಡಬಾರದೆಂದು ಎಚ್ಚರಿಸಿದರು; ಅದನ್ನೂ ಒಡೆಯುವ, 2009ರಲ್ಲಿ ಮೊದಲು ವರದಿಯಾದ ಎನ್‌ಡಿಎಂ-1 ಎಂಬ ಕಿಣ್ವದ ಜೀನ್ ಕೂಡ ಪ್ಲಾಸ್ಮಿಡ್ ಏರಿಯೇ ತಿರುಗುತ್ತದೆ. ನಮ್ಮ ವೈದ್ಯರು ಕಿಡ್ನಿಯ ಸ್ಥಿತಿ ನೋಡಿಕೊಂಡು ನೈಟ್ರೋಫ್ಯುರಾಂಟಾಯಿನ್ ಕೊಟ್ಟರು, ಅಮ್ಮ ಚೇತರಿಸಿಕೊಂಡರು.

ವರದಿಯಲ್ಲಿ ಬರೀ ಅಕ್ಷರಗಳಿದ್ದವು, ರೋಗಾಣುವನ್ನು ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣವನ್ನು ಮುದ್ರಿಸಿರಲಿಲ್ಲ. ಕೇಳಿದರೆ ಕೌಂಟರಿನಲ್ಲಿ ಉತ್ತರವಿರಲಿಲ್ಲ. ಪರೀಕ್ಷೆಗೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಮನೆಗೆ ಬರುವ ಸೇವೆಗೆ ಒಂದು. ಹೋಗುವವರು ಆಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುನ್ನ, ಡಬ್ಬಿಯನ್ನು ಕೈಯಲ್ಲೇ ಹಿಡಿದು ಹೋಗಿ.